ಬದಲಾಗುವ ಊರು, ಕಲಿಯುವ ಪಂಚಾಯಿತಿ

(ಕೆಸರೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾವಿಂದು ಸೇರಿರುವ ಕೆಸರೆ ಒಂದು ಕಾಲಕ್ಕೆ ಮೈಸೂರಿನ ಹೊರಗಿದ್ದ ಹಳ್ಳಿ. ಈಗ ಬಡಾವಣೆಗಳ ನಡುವೆ ಹಳೆಯ ಊರನ್ನು ಹುಡುಕಬೇಕಾಗಿದೆ. ದಿನಕ್ಕೆ 3 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧೀಕರಿಸಬಲ್ಲ ನಗರದ ಘಟಕವೂ ಇಲ್ಲಿಯೇ ಇದೆ. ಪಕ್ಕದ ರಮ್ಮನಹಳ್ಳಿ ಗ್ರಾಮ ಪಂಚಾಯಿತಿಯಾಗಿದ್ದುದು 2020ರಲ್ಲಿ ಪಟ್ಟಣ ಪಂಚಾಯಿತಿಯಾಯಿತು. ತಮ್ಮಲ್ಲಿ ಹಲವರ ಊರಿನ ಅಂಚಿಗೂ ಇದೇ ಬದಲಾವಣೆ ಬಂದು ನಿಂತಿದೆ. ಅದನ್ನು ಎದುರಿಸುವ ಶಕ್ತಿ ನಮ್ಮ ಸಂಸ್ಥೆಗಿದೆಯೇ ಎಂಬುದೇ ಇಂದಿನ ವಿಷಯ.

1997ರಲ್ಲಿ ಡೇವಿಡ್ ಟೀಸ್, ಗ್ಯಾರಿ ಪಿಸಾನೊ ಮತ್ತು ಆಮಿ ಶುಯೆನ್ ಎಂಬ ವಿದ್ವಾಂಸರು ಈ ಶಕ್ತಿಯನ್ನು 'ಚಲನಶೀಲ ಸಾಮರ್ಥ್ಯ' ಎಂಬರ್ಥದ ಹೆಸರಿನಿಂದ ವಿವರಿಸಿದರು. ಅವರು ಬರೆದದ್ದು ಕಂಪನಿಗಳನ್ನು ಕುರಿತು. ನಮಗೆ ಕೊಳವೆಬಾವಿಯ ಉದಾಹರಣೆ ಸಾಕು. ಪಂಪ್ ಒಂದು ಆಸ್ತಿ. ಅದನ್ನು ಸಮಯಕ್ಕೆ ಸರಿಯಾಗಿ ನಡೆಸುವುದು ಸಾಮಾನ್ಯ ಸಾಮರ್ಥ್ಯ. ಬಾವಿ ಬತ್ತುವ ಮುನ್ನವೇ ನೀರಿನ ಮಟ್ಟ ಇಳಿಯುತ್ತಿರುವುದನ್ನು ಗ್ರಹಿಸಿ, ನಿರ್ಧಾರ ಕೈಗೊಂಡು, ಇರುವ ಹಣವನ್ನೂ ಜನರನ್ನೂ ಅದಕ್ಕೆ ತಕ್ಕಂತೆ ಮರುಜೋಡಿಸುವುದು ಚಲನಶೀಲ ಸಾಮರ್ಥ್ಯ.

ಮೈಸೂರಿನ ಇತಿಹಾಸದಲ್ಲಿ ಇದಕ್ಕೆ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಹರಡಿದಾಗ ನಗರವು ರೋಗಿಗಳ ಆರೈಕೆಯಷ್ಟಕ್ಕೇ ನಿಲ್ಲಲಿಲ್ಲ. ಇಕ್ಕಟ್ಟಾದ ಕೇರಿಗಳು, ಚರಂಡಿಯಿಲ್ಲದ ಓಣಿಗಳು ಅಪಾಯವೆಂದು ಮನಗಂಡು, 1903ರಲ್ಲಿ ನಗರ ಸುಧಾರಣೆಗೆಂದೇ ಪ್ರತ್ಯೇಕ ಮಂಡಳಿಯನ್ನು ಸ್ಥಾಪಿಸಲಾಯಿತು. ಸಂಕಟದಿಂದ ಕಲಿತ ಪಾಠವು ಒಂದು ಸಂಸ್ಥೆಯಾಗಿ ಉಳಿಯಿತು.

ಇತ್ತೀಚಿನ ನಿದರ್ಶನವೂ ಇದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಪ್ರಥಮ. 2017ರಲ್ಲಿ 434 ನಗರಗಳು ಕಣದಲ್ಲಿದ್ದವು; ಇಂದೋರ್ ಮೊದಲಾಯಿತು, ಮೈಸೂರು ಐದನೆಯದಾಯಿತು. ನಮ್ಮ ಪೌರಕಾರ್ಮಿಕರ ಶ್ರಮ ಒಂದೇ ವರ್ಷದಲ್ಲಿ ಕುಗ್ಗಿತೆಂದು ಇದರ ಅರ್ಥವಲ್ಲ. ಸ್ಪರ್ಧೆ ಹಿರಿದಾಗಿತ್ತು, ಇತರರೂ ಮುಂದೆ ಬಂದಿದ್ದರು. 2019ರಲ್ಲಿ ಮೈಸೂರು ಮೂರನೆಯ ಸ್ಥಾನಕ್ಕೇರಿತು. ಒಮ್ಮೆ ಪಡೆದ ಸ್ಥಾನ ತಾನಾಗಿ ಉಳಿಯುವುದಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ತಮ್ಮ ಮುಂದಿಡುತ್ತೇನೆ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಸ್ವಚ್ಛ ವಾಹಿನಿ ಇತ್ತು, ಒಣಕಸದ ಘಟಕವಿತ್ತು, ಸಂಜೀವಿನಿ ಒಕ್ಕೂಟದ ಚಾಲಕಿಯಿದ್ದರು. ವಾಹನ ತಪ್ಪದೆ ಓಡುತ್ತಿದೆಯೆಂದು ವಹಿ ಹೇಳುತ್ತಿತ್ತು; ನಾನು ತೃಪ್ತನಾಗಿದ್ದೆ. ಆದರೆ ಹೊಸ ಬಡಾವಣೆಯ ಪಕ್ಕದ ಕೆರೆ ಏರಿಯ ಮೇಲೆ ಕಸ ಬೆಳೆಯುತ್ತಲೇ ಇತ್ತು. ಜನರಿಗೆ ಅರಿವಿಲ್ಲವೆಂದು ಭಾವಿಸಿ ಫಲಕ ಹಾಕಿಸಿದೆ. ಕಸ ಫಲಕದ ಬುಡಕ್ಕೇ ಬಂತು.

ಕೊನೆಗೊಂದು ದಿನ ಚಾಲಕಿಯನ್ನು ಕೇಳಿದೆ. "ಸಾರ್, ಅಲ್ಲಿರೋರೆಲ್ಲ ಬಾಡಿಗೆಯವರು, ಏಳು ಗಂಟೆಗೇ ಕೆಲಸಕ್ಕೆ ಹೋಗ್ತಾರೆ. ನಾನು ಹತ್ತಕ್ಕೆ ಹೋದ್ರೆ ಬೀಗಾನೇ ಕಸ ಕೇಳ್ಬೇಕು" ಎಂದರು. ಆಕೆಗೆ ಇದು ಮೊದಲ ವಾರದಿಂದಲೇ ಗೊತ್ತಿತ್ತು. ಕೇಳುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ.

ಮಾಸಿಕ ಸಭೆಯಲ್ಲಿ ವಿಷಯವಿಟ್ಟೆವು. ಬೆಳಿಗ್ಗೆ ಆರೂವರೆಗೆ ಬಡಾವಣೆ, ಆಮೇಲೆ ಹಳೆಯ ಗ್ರಾಮಗಳು ಎಂದು ತೀರ್ಮಾನವಾಯಿತು. ಹಸಿ ಕಸ ತಿಪ್ಪೆ ಸೇರುವ ಗ್ರಾಮಗಳಿಗೆ ವಾರಕ್ಕೆ ಎರಡೇ ದಿನ, ಒಣಕಸಕ್ಕಾಗಿ ಮಾತ್ರ. "ನಮ್ಮ ಜನ ಎರಡನೇ ದರ್ಜೆಯವರೇ?" ಎಂದು ಒಬ್ಬ ಸದಸ್ಯರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಮೂರು ತಿಂಗಳ ನಂತರ ಮರುಪರಿಶೀಲಿಸುವುದೆಂದು ನಡಾವಳಿಯಲ್ಲಿ ದಾಖಲಿಸಿದೆವು. ಚಾಲಕಿಗೆ ಮಕ್ಕಳನ್ನು ಶಾಲೆಗೆ ಕಳುಹಿಸುವ ತೊಂದರೆಯಿದ್ದುದರಿಂದ ಒಕ್ಕೂಟದೊಡನೆ ಮಾತನಾಡಿ ಎರಡನೆಯ ಚಾಲಕಿಯನ್ನೂ ಸಿದ್ಧಪಡಿಸಿದೆವು. ಕೆರೆ ಏರಿಯ ಕಸ ಪೂರ್ತಿ ನಿಂತಿತೆಂದು ಹೇಳಲಾರೆ, ಬಹುಪಾಲು ನಿಂತಿತು. ಹೊಸ ವಾಹನವಾಗಲಿ, ಹೊಸ ಅನುದಾನವಾಗಲಿ ಬೇಕಾಗಲಿಲ್ಲ.

ಹಾಗೆಂದು ಎಲ್ಲವನ್ನೂ ಸದಾ ಬದಲಿಸುತ್ತಿರಬೇಕೆಂದಲ್ಲ. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು, ತೆರಿಗೆ ವಸೂಲಿ, ಲೆಕ್ಕಪತ್ರ ಇವು ತಪ್ಪದೆ ನಡೆಯಬೇಕಾದ ಕೆಲಸಗಳು. ಇವೇ ಸಡಿಲವಾದರೆ ಹೊಸದನ್ನು ನಿಲ್ಲಿಸಲು ನೆಲವಿರುವುದಿಲ್ಲ.

ನನ್ನ ಕೋರಿಕೆ ಮೂರು. ಪ್ರತಿ ಮಾಸಿಕ ಸಭೆಯಲ್ಲಿ "ಈ ತಿಂಗಳು ಊರಿನಲ್ಲಿ ಬದಲಾದದ್ದೇನು?" ಎಂಬ ಒಂದು ವಿಷಯವಿರಲಿ, ನೀರುಗಂಟಿ, ಚಾಲಕಿ, ಕರವಸೂಲಿಗಾರರ ಮಾತನ್ನು ಅಂದು ಕೇಳೋಣ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ವಾರ್ಡ್ ಸಭೆಯನ್ನು ಸಹಿ ಸಂಗ್ರಹಕ್ಕೆ ಸೀಮಿತಗೊಳಿಸದಿರೋಣ. ಕೈಗೊಂಡ ನಿರ್ಧಾರದ ಜೊತೆಗೆ ಅದರ ಕಾರಣವನ್ನೂ ನಡಾವಳಿಯಲ್ಲಿ ಬರೆಯೋಣ. ನಾನು ವರ್ಗವಾಗಿ ಹೋಗುವವನು. ತಮ್ಮ ಅವಧಿ ಐದು ವರ್ಷ. ನಾವು ಕಲಿತದ್ದು ನಮ್ಮೊಡನೆಯೇ ಹೊರಟುಹೋದರೆ, ಮುಂದೆ ಬರುವವರು ಅದೇ ಬೀಗದ ಮುಂದೆ ಹತ್ತು ಗಂಟೆಗೆ ನಿಲ್ಲುತ್ತಾರೆ.