ಕೂಸಿನ ಬಾಟಲಿ, ಒಳಲೆ ಕುದಿಸುವ ಬಗೆ

(ಬಾಣಂತಿಯರು ಮತ್ತು ಅವರ ಜೊತೆಗಾರರಿಗಾಗಿ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿ ನೀಡಿದ ಉಪನ್ಯಾಸದ ಬರಹರೂಪ)

ಬಾಗಿಲ ಹತ್ತಿರ ನಿಂತಿರುವ ಗಂಡಸರೂ ದಯವಿಟ್ಟು ಒಳಗೆ ಬಂದು ಕುಳಿತುಕೊಳ್ಳಿ. ಔಷಧಿ ಅಂಗಡಿಗೆ ಹೋಗಿ ಬಾಟಲಿ ಕೊಂಡು ತರುವವರು ಹೆಚ್ಚಾಗಿ ನೀವೇ. ಅಂಗಡಿಯವನು ಏನು ಕೊಟ್ಟರೂ ತರುವವರೂ ನೀವೇ!

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹುಟ್ಟಿದ ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಎದೆಹಾಲೊಂದೇ ಸಾಕು. ನೀರೂ ಬೇಡ, ಜೇನುತುಪ್ಪವೂ ಬೇಡ. ಎದೆಯಿಂದ ನೇರವಾಗಿ ಕುಡಿಯುವ ಕೂಸಿಗೆ ಕುದಿಸುವ ಪಾತ್ರೆಯ ತಾಪತ್ರಯವೇ ಇಲ್ಲ. ನಮ್ಮ ದೇಶದಲ್ಲಿ 1992ರಲ್ಲಿ ಒಂದು ಕಾಯಿದೆ ಬಂದು, 2003ರಲ್ಲಿ ಇನ್ನೂ ಬಿಗಿಯಾಯಿತು. ಅದರ ಪ್ರಕಾರ ಹಾಲಿನ ಪುಡಿಗೂ ಹಾಲುಣಿಸುವ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವಂತಿಲ್ಲ. ಆದ್ದರಿಂದ ಇಂದು ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. "ಸಿಸ್ಟರ್, ಯಾವುದು ಛಲೋ?" ಎಂದು ಆಮೇಲೆ ಬಂದು ಕೇಳಿದರೂ ಹೇಳುವುದಿಲ್ಲ.

ಹಾಗಾದರೆ ಈ ಉಪನ್ಯಾಸ ಯಾಕೆ? ಎಲ್ಲ ತಾಯಂದಿರ ಪರಿಸ್ಥಿತಿ ಒಂದೇ ಆಗಿರುವುದಿಲ್ಲ. ಎಂಟನೇ ತಿಂಗಳಿಗೇ ಹುಟ್ಟಿ ಒಳಗೆ ಗಾಜಿನ ಪೆಟ್ಟಿಗೆಯಲ್ಲಿರುವ ಕೂಸಿಗೆ ಚೀಪಿ ಕುಡಿಯುವ ಶಕ್ತಿ ಇರುವುದಿಲ್ಲ. ಅದರ ತಾಯಿ ಹಾಲು ಹಿಂಡಿ ಕೊಡಬೇಕು. ಅವಳಿ ಮಕ್ಕಳಿರುತ್ತವೆ. ತಾಯಿಯೇ ಐಸಿಯುದಲ್ಲಿ ಇರುತ್ತಾಳೆ. ಮೂರು ತಿಂಗಳಿಗೇ ಕೆಲಸಕ್ಕೆ ಹೋಗಬೇಕಾದವರಿದ್ದಾರೆ. ತಾಯಿಯನ್ನೇ ಕಳೆದುಕೊಂಡು ಅಜ್ಜಿಯ ಮಡಿಲಲ್ಲಿ ಬೆಳೆಯುವ ಕೂಸುಗಳೂ ಇವೆ. ಇಂಥ ಕೂಸುಗಳಿಗೆ ಹಾಲು ಯಾವುದಾದರೊಂದು ಪಾತ್ರೆಯನ್ನು ದಾಟಿಯೇ ಬಾಯಿಗೆ ಹೋಗಬೇಕು. ಆ ಪಾತ್ರೆಯ ವಿಷಯವನ್ನೇ ಇಂದು ಮಾತಾಡೋಣ.

ಹಾಲು ಕೂಸಿಗೆ ಹೇಗೆ ಆಹಾರವೋ ರೋಗಾಣುಗಳಿಗೂ ಹಾಗೆಯೇ ಆಹಾರ. ಬಾಟಲಿಯ ತಳದಲ್ಲಿ, ಕತ್ತಿನ ಸುತ್ತ ಇರುವ ಸುರುಳಿ ಗೆರೆಗಳಲ್ಲಿ, ನಿಪ್ಪಲ್ಲಿನ ಒಳತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಹಾಲು ಉಳಿದರೂ ನಮ್ಮ ಬಿಸಿಲಿನ ಸೀಮೆಯಲ್ಲಿ ಕೆಲವೇ ಗಂಟೆಗಳಲ್ಲಿ ಅದು ರೋಗಾಣುಗಳ ತವರುಮನೆಯಾಗುತ್ತದೆ. ಮುಂದಿನ ಸಲ ಅದರಲ್ಲೇ ಹಾಲು ಹಾಕಿ ಕುಡಿಸಿದರೆ ಭೇದಿ. ದೊಡ್ಡವರಿಗೆ ಭೇದಿಯಾದರೆ ಒಂದು ದಿನ ಮಲಗಿ ಏಳುತ್ತಾರೆ. ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿ ನೀರು ಆರಲು ಒಂದು ರಾತ್ರಿ ಸಾಕು.

ಇನ್ನು ಕೆಲಸದ ಮಾತು. ಕುದಿಸುವುದಕ್ಕಿಂತ ಮೊದಲು ತೊಳೆಯುವುದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಷ್ಟು ಬೆಲೆಯ ಯಂತ್ರ ತಂದರೂ ಹಾಲಿನ ಜಿಡ್ಡಿನ ಮೇಲೆ ಅದರ ಆಟ ನಡೆಯುವುದಿಲ್ಲ. ಜಿಡ್ಡಿನ ಕೆಳಗೆ ರೋಗಾಣು ಬೆಚ್ಚಗೆ ಅಡಗಿರುತ್ತದೆ. ಕೂಸು ಕುಡಿದ ಕೂಡಲೇ ಬಾಟಲಿಯನ್ನು ಪೂರಾ ಬಿಚ್ಚಿ ತಣ್ಣೀರಿನಲ್ಲಿ ಜಾಲಿಸಿರಿ. ಮೊದಲೇ ಬಿಸಿನೀರು ಹಾಕಿದರೆ ಹಾಲು ಒಡೆದು ಗೋಡೆಗೆ ಅಂಟುತ್ತದೆ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಉದ್ದ ಹಿಡಿಕೆಯ ಬ್ರಷ್ಷು. ಬೂದಿ, ಮಣ್ಣು, ತೆಂಗಿನ ನಾರು ಬೇಡ. ಅವು ಪ್ಲಾಸ್ಟಿಕ್ಕಿನಲ್ಲಿ ಗೀರು ಮಾಡುತ್ತವೆ, ಗೀರಿನಲ್ಲಿ ಮತ್ತೆ ಹಾಲು ಕೂರುತ್ತದೆ. ನಿಪ್ಪಲ್ಲನ್ನು ಒಳಮೈ ಹೊರಗೆ ಬರುವಂತೆ ಮಗುಚಿ ಉಜ್ಜಿ, ತೂತಿನಲ್ಲಿ ನೀರು ಹಾಯಿಸಿ ನೋಡಿರಿ. ಮನೆಯ ಮುಸುರೆ ಪಾತ್ರೆಗಳ ಜೊತೆ ಮೋರಿಯಲ್ಲಿ ತೊಳೆಯಬೇಡಿರಿ. ಕೂಸಿನ ಸಾಮಾನಿಗೆಂದೇ ಒಂದು ಸಣ್ಣ ಬೋಗುಣಿ, ಒಂದು ಬ್ರಷ್ಷು ಬೇರೆ ಇರಲಿ. ಆ ಬ್ರಷ್ಷನ್ನೂ ದಿನಕ್ಕೊಮ್ಮೆ ಕುದಿಸಿರಿ.

ಈಗ ಕುದಿಸುವ ರೀತಿ. ಬಡವರು, ಶ್ರೀಮಂತರು ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಮುಚ್ಚಳವಿರುವ ಆಳವಾದ ಸ್ಟೀಲ್ ಪಾತ್ರೆಯೊಂದನ್ನು ಇದಕ್ಕೇ ಮೀಸಲಿಡಿ. ಸಾರಿನ ಪಾತ್ರೆಯನ್ನೇ ತೊಳೆದು ಬಳಸಿದರೆ ನಿಪ್ಪಲ್ಲಿಗೆ ಒಗ್ಗರಣೆ ವಾಸನೆ ಹತ್ತುತ್ತದೆ, ಕೂಸು ಬಾಯಿ ತಿರುಗಿಸುತ್ತದೆ. ಬಾಟಲಿ, ನಿಪ್ಪಲ್, ಉಂಗುರ, ಮುಚ್ಚಳ ಎಲ್ಲವೂ ಬೇರೆಬೇರೆಯಾಗಿ ನೀರಿನಲ್ಲಿ ಪೂರ್ತಿ ಮುಳುಗಬೇಕು. ಬಾಟಲಿಯನ್ನು ಓರೆ ಮಾಡಿ ಒಳಗಿನ ಗಾಳಿಗುಳ್ಳೆ ಹೊರಗೆ ಬರುವಂತೆ ಮಾಡಿರಿ. ಗುಳ್ಳೆ ನಿಂತ ಕಡೆ ನೀರು ತಾಗುವುದಿಲ್ಲ, ನೀರು ತಾಗದ ಕಡೆ ಕೆಲಸ ಆಗುವುದಿಲ್ಲ. ಮುಚ್ಚಳ ಮುಚ್ಚಿ ಒಲೆಯ ಮೇಲಿಡಿ. ನೀರು ತಳಮಳ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ, ಅಲ್ಲಿಂದ ಹತ್ತು ನಿಮಿಷ. ಒಲೆ ಹಚ್ಚಿದಾಗಿನಿಂದ ಲೆಕ್ಕ ಹಾಕಬಾರದು. ನೀರು ಬತ್ತಿ ಬಾಟಲಿ ತಳಕ್ಕೆ ಅಂಟಿಕೊಳ್ಳದಂತೆ ಹತ್ತಿರವೇ ಇರಿ, ಆದರೆ ಇತರ ಮಕ್ಕಳನ್ನು ಒಲೆಯಿಂದ ದೂರವಿಡಿ. ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ.

ಆರಿದ ಮೇಲೆ ಕೈ ಹಾಕಿ ತೆಗೆಯುವಂತಿಲ್ಲ. ಒಂದು ಇಕ್ಕಳವನ್ನೂ ಜೊತೆಗೇ ಕುದಿಸಿರಿ, ಅದರಿಂದಲೇ ಎತ್ತಿರಿ. ಒಳಗಿನ ನೀರನ್ನು ಕೊಡವಿ ತೆಗೆಯಿರಿ, ಒರೆಸಬೇಡಿರಿ. ಕೂಡಲೇ ಬೇಡವಾದರೆ ಎಲ್ಲವನ್ನೂ ಮುಚ್ಚಿದ ಆ ಪಾತ್ರೆಯಲ್ಲೇ ಬಿಡಿರಿ.

ಈ ಒರೆಸುವ ವಿಷಯಕ್ಕೆ ಒಬ್ಬ ಅಜ್ಜಿಯ ನೆನಪಾಗುತ್ತದೆ. ವಾರ್ಡಿನಲ್ಲಿ ಒಳಲೆಯನ್ನು ಸೆರಗಿನಿಂದ ಒರೆಸಿ ಮೊಮ್ಮಗನಿಗೆ ಹಾಲು ಹಾಕಲು ಹೊರಟಿದ್ದರು. ನಾನು ತಡೆದೆ. "ನಮ್ಮ ಕಾಲದಾಗ ಯಾರು ಕುದಸತಿದ್ರವ್ವಾ? ಹಿಂಗ ಒರಸಿ ಹಾಕತಿದ್ವಿ, ಮಕ್ಕಳು ಬೆಳೀಲಿಲ್ಲೇನು?" ಎಂದರು. "ಎಷ್ಟು ಹಡದಿರಿ ಅಮ್ಮಾ?" ಎಂದು ಕೇಳಿದೆ. "ಒಂಬತ್ತು." "ಈಗ ಎಷ್ಟು ಅದಾವ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು" ಎಂದರು. ಆ ನಾಲ್ಕು ಒಳಲೆಯಿಂದಲೇ ಹೋದವು ಎಂದು ನಾನು ಹೇಳಲಾರೆ. ಆಗ ಲಸಿಕೆ, ದವಾಖಾನೆ ಒಂದೂ ಹತ್ತಿರವಿರಲಿಲ್ಲ. ಆದರೆ ಅವರೇ ಆಮೇಲೆ ದಿನಕ್ಕೆ ಎಂಟು ಸಲ ಒಳಲೆ ಹಿಡಿದುಕೊಂಡು ದಾಸೋಹದ ಅಡುಗೆಮನೆಗೆ ಕುದಿನೀರಿಗೆ ಹೋಗುತ್ತಿದ್ದರು. ಕುದಿನೀರು ಸುರಿದುಕೊಂಡು ಬಂದರೆ ಸಾಲದು, ಕುದಿಯಲ್ಲಿ ಮುಳುಗಿರಬೇಕು ಎಂದು ಎರಡನೆಯ ದಿನ ತಿಳಿಸಿ ಹೇಳಬೇಕಾಯಿತು.

ಒಳಲೆಯ ಮಾತು ಬಂತು. ಬಾಟಲಿಗಿಂತ ಒಳಲೆ ಅಥವಾ ಸಣ್ಣ ಬಟ್ಟಲು-ಚಮಚವೇ ವಾಸಿ ಎಂಬುದು ನಮ್ಮ ಮಕ್ಕಳ ವಿಭಾಗದ ಸಲಹೆ. ಮೂಲೆಯಿಲ್ಲ, ತೂತಿಲ್ಲ, ತೊಳೆದದ್ದು ಕಣ್ಣಿಗೆ ಕಾಣುತ್ತದೆ. ನಿಪ್ಪಲ್ ರೂಢಿಯಾದ ಕೂಸು ಮತ್ತೆ ತಾಯಿಯ ಎದೆಗೆ ಬರಲು ಹಟ ಮಾಡುವುದೂ ಉಂಟು, ಒಳಲೆಯಲ್ಲಿ ಆ ತೊಂದರೆ ಕಡಿಮೆ. ತೊಟ್ಟಿಲಿಗೆ ಹಾಕುವಾಗ ಉಡುಗೊರೆ ಬಂದ ಬೆಳ್ಳಿ ಒಳಲೆ ಇದ್ದರೆ ಬಳಸಿರಿ, ಅಡ್ಡಿಯಿಲ್ಲ. ಆದರೆ "ಬೆಳ್ಳಿಗೆ ಮೈಲಿಗೆ ಇಲ್ಲ, ಕುದಿಸುವುದು ಬೇಡ" ಎಂಬ ಮಾತನ್ನು ನಂಬಬೇಡಿರಿ. ಹಾಲಿನ ಜಿಡ್ಡು ಬೆಳ್ಳಿಗೂ ಅಂಟುತ್ತದೆ, ಅದರ ಚಿತ್ತಾರದ ಸಂದಿಯಲ್ಲಂತೂ ಇನ್ನಷ್ಟು. ನಯವಾದ ಸ್ಟೀಲಿನ ಒಳಲೆ ಎರಡಿದ್ದರೆ ಒಂದು ಕುದಿಯುವಾಗ ಇನ್ನೊಂದು ಕೈಗೆ ಸಿಗುತ್ತದೆ. ಮಲಗಿಸಿ ಬಾಯಿಗೆ ಸುರಿಯಬಾರದು. ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕೂಸು ನುಂಗಿದಂತೆ ಹಾಕಬೇಕು.

ಯಂತ್ರಗಳ ವಿಚಾರಕ್ಕೆ ಬರೋಣ. ಕರೆಂಟಿನ ಆವಿ ಪೆಟ್ಟಿಗೆ ಈಗ ಊರೂರಿನ ಅಂಗಡಿಯಲ್ಲೂ ಇದೆ. ತಳದ ತಟ್ಟೆಗೆ ಅಳತೆಯ ನೀರು ಹಾಕಿ ಗುಂಡಿ ಒತ್ತಿದರೆ ಆವಿ ಎದ್ದು, ಸುಮಾರು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ತಾನೇ ಆರುತ್ತದೆ. ಕೆಲಸಕ್ಕೆ ಹೋಗುವ ತಾಯಿಗೆ, ಅವಳಿ ಮಕ್ಕಳಿರುವ ಮನೆಗೆ ಇದು ನಿಜಕ್ಕೂ ಅನುಕೂಲ. ಕೊಳ್ಳುವಾಗ ನೋಡಬೇಕಾದದ್ದು: ನೀರು ಮುಗಿದ ಕೂಡಲೇ ತಾನೇ ಆರುತ್ತದೆಯೇ, ನಿಮ್ಮ ಬಾಟಲಿ ಎತ್ತರಕ್ಕೆ ಒಳಗೆ ಹಿಡಿಸುತ್ತದೆಯೇ, ರಿಪೇರಿ ಹತ್ತಿರದಲ್ಲಿ ಆಗುತ್ತದೆಯೇ. ಬಾಟಲಿ, ನಿಪ್ಪಲ್ಲುಗಳ ಬಾಯಿ ಕೆಳಮುಖವಾಗಿ ಇಡಬೇಕು, ಆಗಲೇ ಆವಿ ಒಳಗೆ ಹೋಗುವುದು. ಮುಚ್ಚಳ ತೆಗೆಯುವಾಗ ಮುಖ ಹಿಂದೆ ಇರಲಿ. ನಮ್ಮ ಕಡೆ ಬೋರಿನ ಗಡಸು ನೀರು ಹಾಕಿದರೆ ಕೆಲವೇ ವಾರಗಳಲ್ಲಿ ತಟ್ಟೆಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ನಿಂಬೆರಸ ಅಥವಾ ವಿನಿಗರ್ ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ, ಉಜ್ಜಿ ತೆಗೆದು, ಚೆನ್ನಾಗಿ ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿರಿ. ನಿಮ್ಮ ಊರಲ್ಲಿ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುವುದಾದರೆ ನಡುವೆ ನಿಂತ ಸರದಿಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಅಂಥ ಊರಿನವರಿಗೆ ಈ ಪೆಟ್ಟಿಗೆ ಇದ್ದರೂ ಕುದಿಸುವ ಪಾತ್ರೆ ತಪ್ಪಿದ್ದಲ್ಲ. ಸಾಲ ಮಾಡಿ ತರುವ ವಸ್ತುವಂತೂ ಖಂಡಿತ ಅಲ್ಲ.

ಮೈಕ್ರೋವೇವ್ ಒಲೆಯಲ್ಲಿಡುವ ಆವಿ ಡಬ್ಬಿಯೂ ಉಂಟು. ಅದರೊಳಗೆ ಸ್ಟೀಲು, ಬೆಳ್ಳಿ ಇಡಬಾರದು ಎಂಬುದೊಂದು ನೆನಪಿರಲಿ. ನೀಲಿ ಬೆಳಕಿನ ಪೆಟ್ಟಿಗೆ, ಅಂದರೆ ಯುವಿ ದೀಪದ್ದು, ಎಲ್ಲಕ್ಕಿಂತ ದುಬಾರಿ. ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ, ನೆರಳಾದ ಸಂದಿಗೆ ಇಲ್ಲ. ಹಣ ಹೆಚ್ಚಾಗಿದ್ದವರೂ ಅದನ್ನೇ ನಂಬಿ ಕುದಿಸುವುದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಪ್ರಯಾಣದಲ್ಲಿ, ಒಲೆಯಿಲ್ಲದ ಕಡೆ, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ ಅಥವಾ ದ್ರಾವಣ ಉಪಯೋಗಕ್ಕೆ ಬರುತ್ತದೆ. ಕೂಸಿನ ಬಾಟಲಿಗೆಂದೇ ಮಾಡಿದ್ದನ್ನು ಮಾತ್ರ ಕೊಳ್ಳಿರಿ. ಬ್ಲೀಚಿಂಗ್ ಪೌಡರ್, ಕಕ್ಕಸು ತೊಳೆಯುವ ದ್ರಾವಣ ಮುಟ್ಟಬೇಡಿರಿ. ಪೊಟ್ಟಣದ ಮೇಲಿನ ಅಳತೆಯಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲಸಿ, ಎಲ್ಲವನ್ನೂ ಗುಳ್ಳೆಯಿಲ್ಲದಂತೆ ಮುಳುಗಿಸಿ, ಕನಿಷ್ಠ 30 ನಿಮಿಷ ಬಿಡಬೇಕು. 24 ಗಂಟೆಗೊಮ್ಮೆ ಆ ನೀರನ್ನು ಚೆಲ್ಲಿ ಹೊಸದು ಮಾಡಬೇಕು. ಲೋಹದ ಸಾಮಾನು ಅದರಲ್ಲಿ ಹಾಕಿದರೆ ಕೆಡುತ್ತದೆ.

"ಕುಕ್ಕರಿನಲ್ಲಿಡಬಹುದೇ?" ಎಂದು ಹಲವರು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಒತ್ತಡದ ಆವಿಯಲ್ಲಿ 121 ಡಿಗ್ರಿಗೆ ಕಾಯಿಸುತ್ತೇವೆ. ಕುಕ್ಕರೂ ಅದೇ ಜಾತಿಯ ಪಾತ್ರೆ. ಸ್ಟೀಲ್ ಬಟ್ಟಲು, ಚಮಚ, ಒಳಲೆಗೆ ಧಾರಾಳವಾಗಿ ಬಳಸಿರಿ. ಪ್ಲಾಸ್ಟಿಕ್ ಬಾಟಲಿ, ನಿಪ್ಪಲ್ಲಿಗೆ ಬೇಡ, ಸೊಟ್ಟಗಾಗಬಹುದು. ಅವಕ್ಕೆ ಬರೀ ಕುದಿ ಸಾಕು. ನಿಜ ಹೇಳಬೇಕೆಂದರೆ ಮನೆಯ ಕುದಿನೀರಿನಿಂದ ಎಲ್ಲ ಬಗೆಯ ಸೂಕ್ಷ್ಮಜೀವಿಗಳೂ ಸಾಯುವುದಿಲ್ಲ, ಕೆಲವು ಗಟ್ಟಿ ಜಾತಿಯವು ಉಳಿಯುತ್ತವೆ. ಆದರೆ ಕೂಸಿಗೆ ಭೇದಿ ತರುವ ಸಾಮಾನ್ಯ ರೋಗಾಣುಗಳಿಗೆ ಅಷ್ಟು ಬಿಸಿ ಸಾಕು.

ಬಾಟಲಿಯನ್ನೇ ಕೊಳ್ಳಬೇಕಾದರೆ ಅಗಲ ಬಾಯಿಯದು, ಒಳಗೆ ಮೂಲೆಗಳಿಲ್ಲದ್ದು, ಐಎಸ್ಐ ಗುರುತಿನದು ನೋಡಿರಿ. ಹಿಂದೆ ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟ್ ಬಾಟಲಿಗಳು ಬರುತ್ತಿದ್ದವು. ಕುದಿಸಿದಾಗ ಅವುಗಳಿಂದ ಬಿಪಿಎ ಎಂಬ ರಾಸಾಯನಿಕ ಇಳಿಯುತ್ತದೆಂದು 2015ರ ಭಾರತೀಯ ಮಾನಕದಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಮೊದಲ ಮಗುವಿನದೆಂದು ಅಟ್ಟದ ಮೇಲಿಟ್ಟ ಹಳೆಯ ಬಾಟಲಿ ಇಳಿಸಬೇಡಿರಿ. ಗೀರಾದ, ಮಸುಕಾದ ಬಾಟಲಿಯನ್ನೂ, ಅಂಟು ಬಂದ, ಬಿರುಕು ಬಿಟ್ಟ ನಿಪ್ಪಲ್ಲನ್ನೂ ಎಸೆಯಿರಿ. ಕುದಿಸಿ ಕುದಿಸಿ ರಬ್ಬರಿನ ನಿಪ್ಪಲ್ ಬೇಗ ಹಾಳಾಗುತ್ತದೆ, ಸಿಲಿಕೋನಿನದು ತಡೆಯುತ್ತದೆ.

ಪಾತ್ರೆ ಶುದ್ಧವಾಯಿತು, ಒಳಗಿನ ಹಾಲು? ಹಿಂಡಿದ ಎದೆಹಾಲನ್ನು ಮುಚ್ಚಿ ತಂಪು ಜಾಗದಲ್ಲಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಏಪ್ರಿಲ್-ಮೇ ಬಿಸಿಲಿನಲ್ಲಿ ನಾಲ್ಕು ಗಂಟೆಯನ್ನೂ ನೆಚ್ಚಬೇಡಿರಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿರಿ. ವೈದ್ಯರು ಪುಡಿಹಾಲು ಬರೆದುಕೊಟ್ಟಿದ್ದರೆ, ಆ ಪುಡಿಯೇ ಪೂರ್ತಿ ರೋಗಾಣುಮುಕ್ತವಲ್ಲ ಎಂದು ತಿಳಿದಿರಿ. ಅದಕ್ಕೇ 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಒಂದು ಲೀಟರ್ ನೀರು ಕುದಿಸಿ, ಇಳಿಸಿದ ಅರ್ಧ ಗಂಟೆಯೊಳಗೆ ಬಳಸಿದರೆ ಆಯಿತು. ಕಲಸಿದ ಮೇಲೆ ತಣ್ಣೀರಿನಲ್ಲಿ ಬಾಟಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಹಾಕಿ ಬಿಸಿ ನೋಡಿಯೇ ಕುಡಿಸಿರಿ. ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿರಿ. ಚೆಲ್ಲಲು ಹೊಟ್ಟೆ ಉರಿಯುತ್ತದೆ, ಪುಡಿ ದುಬಾರಿ, ನನಗೆ ಗೊತ್ತು. ಹಾಗೆಂದು ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚು ಬೆರೆಸಬೇಡಿರಿ. ಕೂಸು ಸೊರಗುತ್ತದೆ.

ಇಷ್ಟೆಲ್ಲ ಮಾಡುವ ಕೈಯನ್ನು ಮೊದಲು ಸೋಪಿನಿಂದ ತೊಳೆದಿರಬೇಕು ಎಂದು ಬೇರೆ ಹೇಳಬೇಕೇ? ಬಾಟಲಿ ಬಳಸುವವರು ಕೂಸಿಗೆ ಒಂದು ವರ್ಷ ತುಂಬುವವರೆಗೆ ಈ ಕ್ರಮ ಬಿಡಬಾರದು. ತಿಂಗಳು ತುಂಬದೆ ಹುಟ್ಟಿದ ಕೂಸಿನ ಮನೆಯಲ್ಲಂತೂ ಒಂದು ಸಲವೂ ತಪ್ಪಬಾರದು.

ಇಷ್ಟಾಗಿಯೂ ಭೇದಿಯಾದರೆ ಎದೆಹಾಲು ನಿಲ್ಲಿಸಬೇಡಿರಿ. ಕೂಸು ಹಾಲು ಕುಡಿಯದೆ ಮಂಕಾಗಿ ಮಲಗಿದರೆ, ಕಣ್ಣು ಅಥವಾ ನೆತ್ತಿ ಕುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಕರೆತನ್ನಿರಿ. ಯಾವ ಹೊತ್ತಿನಲ್ಲೂ ತುರ್ತು ವಿಭಾಗದಲ್ಲಿ ಒಬ್ಬರು ಇದ್ದೇ ಇರುತ್ತಾರೆ.

ಪಕ್ಕದ ಕೋಣೆಯಲ್ಲಿ ಒಲೆಯ ಮೇಲೆ ನೀರು ಇಟ್ಟಿದ್ದೇನೆ. ನಾಲ್ಕು ನಾಲ್ಕು ಜನ ಬನ್ನಿ, ನಿಮ್ಮ ನಿಮ್ಮ ಒಳಲೆ, ಬಾಟಲಿ ತನ್ನಿ. ಅಲ್ಲಿ ನಾನು ಮಾಡಿ ತೋರಿಸುವುದಿಲ್ಲ, ನೀವು ಮಾಡಬೇಕು, ನಾನು ನೋಡುತ್ತೇನೆ. ಮೊದಲು ಇವತ್ತು ಡಿಸ್ಚಾರ್ಜ್ ಆಗುವವರು ಬರಲಿ.