ಎಣ್ಣೆ ಬಿಟ್ಟರೂ ರಕ್ತದಲ್ಲಿ ಕೊಬ್ಬೇಕೆ?

(ಮಾರಂಡಹಳ್ಳಿಯಲ್ಲಿ ಕನ್ನಡ ಮಾಧ್ಯಮ ಶಾಲಾ ಮಕ್ಕಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ತಾಯಿಯೊಬ್ಬರು ಯಜಮಾನರ ರಕ್ತಪರೀಕ್ಷೆಯ ವರದಿ ತಂದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 260 ಇತ್ತು, 150ರೊಳಗೆ ಇರಬೇಕಾದದ್ದು. "ಆರು ತಿಂಗಳಿಂದ ಒಗ್ಗರಣೆಗೂ ಎಣ್ಣೆ ಹಾಕಿಲ್ಲ, ಮಕ್ಕಳಿಗೂ ಕಡಲೆಕಾಯಿ ನಿಲ್ಲಿಸಿದ್ದೇನೆ. ಮತ್ತೆ ಇದೆಲ್ಲಿಂದ ಬಂತು?" ಎಂದು ಕೇಳಿದರು. ಮನೆಯ ಊಟವೇನೆಂದು ವಿಚಾರಿಸಿದೆ. ಮೂರು ಹೊತ್ತೂ ಅನ್ನ, ನಡುವೆ ನಾಲ್ಕೈದು ಲೋಟ ಸಕ್ಕರೆ ಟೀ.

ಎಣ್ಣೆಯ ಊಟ ಮಾಡಿದರೆ ಆ ಕೊಬ್ಬು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಮೂರು ನಾಲ್ಕು ಗಂಟೆಯಲ್ಲಿ ಏರಿ, ಆರೋಗ್ಯವಂತರಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಆದರೆ ಹೊಟ್ಟೆ ಬಿರಿಯುವಷ್ಟು ಅನ್ನ, ಸಕ್ಕರೆ ತಿಂದು ಮೈ ದಣಿಯದಿದ್ದರೆ, ಮಿಕ್ಕಿದ್ದನ್ನು ಯಕೃತ್ತು ತಾನೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಬೆಳಿಗ್ಗೆ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಕಾಣುವುದು ಹೆಚ್ಚಾಗಿ ಈ ಕೊಬ್ಬೇ. ಸಾರಾಯಿ ಕುಡಿಯುವವರಲ್ಲಿ ಇದು ಇನ್ನೂ ಏರುತ್ತದೆ. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆ; ಅಂಥವರು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ನೂರಕ್ಕೆ ಸುಮಾರು 14. ಟ್ರೈಗ್ಲಿಸರೈಡ್ ಹೆಚ್ಚಿದ್ದವರು 30ರ ಹತ್ತಿರ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್.ಡಿ.ಎಲ್. ಕಡಿಮೆಯಿದ್ದವರು 72! ಪಿಷ್ಟವೇ ತುಂಬಿದ ಊಟದಲ್ಲಿ ಟ್ರೈಗ್ಲಿಸರೈಡ್ ಏರುವುದು, ಎಚ್.ಡಿ.ಎಲ್. ಇಳಿಯುವುದು ಜೊತೆಜೊತೆಗೇ ನಡೆಯುತ್ತವೆ.

ಹಾಗೆಂದು ಎಣ್ಣೆ ನಿರಪರಾಧಿಯಲ್ಲ. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಹೃದಯನಾಳಕ್ಕೆ ಒಳ್ಳೆಯದಲ್ಲದ ಕೊಬ್ಬು. ಅದು ಕೆಟ್ಟ ಕೊಲೆಸ್ಟ್ರಾಲನ್ನು ಒಂದು ದಿನದಲ್ಲಲ್ಲ, ವಾರಗಳಲ್ಲಿ ಏರಿಸುತ್ತದೆ. ಕಡಲೆಕಾಯಿಯ ಕೊಬ್ಬು ಬಹುಪಾಲು ಬೇರೆ ಜಾತಿಯದು. ಬೆಳೆಯುವ ಮಕ್ಕಳಿಗೆ ಅದು ಬೇಕು. ಆ ತಾಯಿಗೂ ಅದನ್ನೇ ಹೇಳಿದೆ: ಮಗುವಿನ ಕಡಲೆಕಾಯಿ ಕಸಿಯಬೇಡಿ, ದೊಡ್ಡವರ ಅನ್ನದ ರಾಶಿ ಇಳಿಸಿ.

ನಮ್ಮ ಹಿರಿಯರು ರಾಗಿ ಮುದ್ದೆ, ಹುರುಳಿ ಸಾರು ಉಂಡವರು. 2023ರಲ್ಲಿ ಧರ್ಮಪುರಿ, ನೀಲಗಿರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ 2 ಕಿಲೋ ಅಕ್ಕಿಗೆ ಬದಲಾಗಿ ರಾಗಿ ಕೊಡುವ ಯೋಜನೆ ಆರಂಭವಾಯಿತು. ರಾಗಿಯಲ್ಲಿ 100 ಗ್ರಾಮಿಗೆ 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಆದರೆ ರಾಗಿಯೂ ಪಿಷ್ಟವೇ. ದಿನವೆಲ್ಲ ಹೊಲ ಉತ್ತ ಅಜ್ಜನ ಮುದ್ದೆಯ ಗಾತ್ರ ಬೈಕಿನಲ್ಲಿ ತಿರುಗುವ ಮೊಮ್ಮಗನಿಗೆ ಹೊಂದದು. ಒಂದು ಮುದ್ದೆ ಕಡಿಮೆ ಮಾಡಿ. ಆ ಜಾಗಕ್ಕೆ ಅವರೆ, ಹುರುಳಿ, ಸೊಪ್ಪು ಬರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಊಟ ಬದಲಿಸಿ.

ಮನೆಯಲ್ಲಿ ಇಂಥ ವರದಿಗಳಿದ್ದರೆ ಮುಂದಿನ ಸಭೆಗೆ ತನ್ನಿ. ಸಾಲು ಸಾಲಾಗಿ ಕನ್ನಡದಲ್ಲಿ ಓದೋಣ.