ಪರೀಕ್ಷೆಯ ಖರ್ಚು ಯಾರ ಲೆಕ್ಕಕ್ಕೆ?



ಈ ಉಪನ್ಯಾಸ ಮಾಲೆಯಲ್ಲಿ ಯಕ್ಷಗಾನದ ಬಗ್ಗೆಯೋ ಸಾಹಿತಿ ಶಿವರಾಮ ಕಾರಂತರ ಬಗ್ಗೆಯೋ ಮಾತಾಡಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲೇ ಇದ್ದಾರೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣಿನ ವೈದ್ಯಕೀಯ ಪರೀಕ್ಷೆಗೆ ದುಡ್ಡು ಯಾರದ್ದು ಎಂಬುದನ್ನು ಮಾತ್ರ ಯಾವ ಸಭೆಯಲ್ಲೂ ಯಾರೂ ಎತ್ತುವುದಿಲ್ಲ.

ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳವಾಯಿತು ಎನ್ನಿ. ಪೊಲೀಸರು ಬರುತ್ತಾರೆ, ಬೆರಳಚ್ಚಿನವರು ಬರುತ್ತಾರೆ, ಶ್ವಾನದಳವೂ ಬರಬಹುದು. ನಾಯಿ ತಂದ ಜೀಪಿನ ಡೀಸೆಲ್ ದುಡ್ಡು ಕೊಡಿ ಎಂದು ತೋಟದ ಯಜಮಾನರನ್ನು ಯಾರೂ ಕೇಳುವುದಿಲ್ಲ. ಮೊಕದ್ದಮೆ ನಡೆಸುವುದು ಸರಕಾರ, ಪುರಾವೆ ಬೇಕಾದದ್ದೂ ಅದಕ್ಕೇ. ಹೆಣ್ಣಿನ ಮೈಮೇಲೆ ಉಳಿದ ಪುರಾವೆಗೂ ಇದೇ ನ್ಯಾಯ ಸಲ್ಲಬೇಕು.

ಇಷ್ಟು ಸರಳ ಮಾತು ಕಾನೂನಿನಲ್ಲಿ ಬರೆಯಿಸಿಕೊಳ್ಳಲು ತಡವಾಯಿತು. 2000ನೇ ಇಸವಿಯಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಪೊಲೀಸರ ಪತ್ರ ಇಲ್ಲದೆ ಪರೀಕ್ಷೆ ಮಾಡುವುದಿಲ್ಲ ಎನ್ನುವ ಸರಕಾರಿ ವೈದ್ಯರ ನಡತೆಗೆ ಸುಪ್ರೀಂ ಕೋರ್ಟು ಅಸಮಾಧಾನ ದಾಖಲಿಸಿತು. ಆಸ್ಪತ್ರೆಗಳೇ ಕಡಿಮೆಯಿರುವ ಹಳ್ಳಿಗಾಡನ್ನು ಮುಖ್ಯವಾಗಿ ಉದ್ದೇಶಿಸಿ ಹೇಳಿದ ಮಾತದು. ಅದೇ ವರ್ಷ ಅಮೆರಿಕದ ಅಲಾಸ್ಕ ರಾಜ್ಯ, ಈ ಪರೀಕ್ಷೆಯ ಬಿಲ್ಲನ್ನು ಸಂತ್ರಸ್ತೆಯಿಂದ ವಸೂಲು ಮಾಡಬಾರದೆಂದು ಕಾನೂನು ತಂದಿತು. ಅಲ್ಲಿ ಬಿಲ್ಲು ಅಡ್ಡ, ಇಲ್ಲಿ ಚೀಟಿ ಅಡ್ಡ.

ದೆಹಲಿಯ ನಿರ್ಭಯಾ ಅತ್ಯಾಚಾರ ಘಟನೆಯ ಬಳಿಕ 2013ರಲ್ಲಿ ನಮ್ಮ ಕಾನೂನು ತಿದ್ದುಪಡಿಯಾಯಿತು. ಸರಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಸಂತ್ರಸ್ತೆಗೆ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಲ್ಲಿ ಉಚಿತ ಚಿಕಿತ್ಸೆಯೂ, ನ್ಯಾಯ ಸಂಹಿತೆಯ 200ನೇ ಕಲಮಿನಲ್ಲಿ ಶಿಕ್ಷೆಯೂ ಮುಂದುವರಿದಿವೆ.

ಹಾಗಾದರೆ ಎಲ್ಲ ಸರಿಯಾಯಿತೇ? ಉಚಿತ ಎಂದು ಬರೆದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲ ಮಾರಾಯ್ರೆ, ಅದು ಯಾರದೋ ತಲೆಗೆ ಬರುತ್ತದೆ.

ಪರೀಕ್ಷೆ ಎಂದರೇನು ನೋಡಿ. ಮೊದಲು ಒಪ್ಪಿಗೆ, ಗಾಯಗಳ ಆರೈಕೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕಾಗದದ ಹಾಳೆಯ ಮೇಲೆ ನಿಲ್ಲಿಸಿ ಬಟ್ಟೆ ತೆಗೆಸಿಕೊಳ್ಳುತ್ತಾರೆ, ಉದುರಿದ ಕೂದಲು, ಮಣ್ಣು ಕೂಡ ಕಳೆದುಹೋಗಬಾರದಲ್ಲ. ಹತ್ತಿಯ ಕಡ್ಡಿಗಳಲ್ಲಿ ತೆಗೆದ ಮಾದರಿಗಳನ್ನು ಗಾಳಿಗೆ ಒಣಗಿಸಿ, ಪ್ಲಾಸ್ಟಿಕ್‌ಗಲ್ಲ, ಕಾಗದದ ಲಕೋಟೆಗೆ ಹಾಕಿ ಮೊಹರು ಮಾಡಬೇಕು. ಒದ್ದೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಬಟ್ಟೆ ಒಣಗುವುದೆಂದರೆ ಏನೆಂದು ಈ ಊರಿಗೆ ಹೇಳಬೇಕೇ? ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇಂಥ ಮಾದರಿ ಸಂಗ್ರಹಕ್ಕೆ 96 ಗಂಟೆಯ ಅವಧಿ ಹೇಳುತ್ತದೆ, ಎರಡು ಬೆರಳಿನ ಪರೀಕ್ಷೆ ಮಾಡಲೇಬಾರದು ಎನ್ನುತ್ತದೆ.

ನಿರ್ಭಯಾ ನಿಧಿಯ ಹಣದಿಂದ ಕೇಂದ್ರ ಗೃಹ ಸಚಿವಾಲಯ ಒಂದು ಹಂತದಲ್ಲಿ ರಾಜ್ಯಗಳಿಗೆ ಹಂಚಿದ್ದ, ಈ ಮಾದರಿ ಸಂಗ್ರಹಕ್ಕೆ ಬೇಕಾದ ಕಿಟ್‌ಗಳು 14,950. ಒಂದು ಕಿಟ್ ಒಬ್ಬರಿಗೇ ಮುಗಿಯುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ಅಂದರೆ ಅರ್ಧ ವರ್ಷಕ್ಕೂ ಸಾಲದ ಕಿಟ್‌ಗಳು. ಕಿಟ್ ಇದ್ದರೂ ನಡುರಾತ್ರಿ ಅದನ್ನು ಬಿಚ್ಚಲು ತರಬೇತಿ ಪಡೆದ ನರ್ಸಮ್ಮ, ಕದ ಹಾಕಬಹುದಾದ ಕೋಣೆ, ಲಕೋಟೆ ಇಡಲು ಬೀಗದ ಕಪಾಟು ಬೇಕು. ಇವಕ್ಕೆ ತಿಂಗಳು ತಿಂಗಳು ದುಡ್ಡು ಬೇಕು. ಉದ್ಘಾಟನೆ ಮಾಡಿ ಫೋಟೋ ತೆಗೆಸಿಕೊಳ್ಳುವಂಥ ಬಾಬತ್ತಲ್ಲ, ಅದಕ್ಕೇ ಬಜೆಟ್ಟಿನಲ್ಲಿ ಜಾರುತ್ತವೆ.

ದೊಡ್ಡ ಖರ್ಚು ದಾರಿಯದ್ದು. ಪುತ್ತೂರಿನ ಸರಕಾರಿ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಲೇಡಿ ಡಾಕ್ಟರ್ ಇಲ್ಲದಿದ್ದರೆ ಮಂಗಳೂರಿಗೆ ಹೋಗಿ ಎಂದರಾಯಿತು, ಅಲ್ಲಿಂದ ಮುಂದೆ ಐವತ್ತು ಕಿಲೋಮೀಟರು. ರಿಕ್ಷಾ, ಕಾರು, ಜೊತೆಗೆ ಬರುವವರ ಒಂದು ದಿನದ ಸಂಬಳ. ವಯಸ್ಕ ಹೆಂಗಸಿನ ಮಟ್ಟಿಗೆ ಇದನ್ನು ಈ ಕಲಮುಗಳು ಲೆಕ್ಕಕ್ಕೆ ಹಿಡಿದಿಲ್ಲ. ನಿಜ ಹೇಳಬೇಕೆಂದರೆ ವಯಸ್ಕ ಹೆಂಗಸಿನ ಪರೀಕ್ಷೆಯನ್ನು, ಅವಳು ಒಪ್ಪಿದರೆ, ನೋಂದಾಯಿತ ಯಾವ ವೈದ್ಯರೂ ಮಾಡಬಹುದು. ಪ್ರಸೂತಿ ತಜ್ಞೆಯೇ ಬೇಕೆಂದಿಲ್ಲ. ಪುರುಷ ವೈದ್ಯರಾದರೆ ಹೆಂಗಸೊಬ್ಬರು ಜೊತೆಗಿರಬೇಕು, ಅಷ್ಟೆ. ಮಹಿಳಾ ವೈದ್ಯರೇ ಆಗಬೇಕೆಂಬ ಕಡ್ಡಾಯ ಇರುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯಡಿ, ಹೆಣ್ಣುಮಕ್ಕಳಿಗೆ. ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ: ಊಟ, ಬಟ್ಟೆ, ಪ್ರಯಾಣದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕೆಂದು 2020ರ ಪೋಕ್ಸೋ ನಿಯಮ ಹೇಳುತ್ತದೆ. ಹದಿನೆಂಟು ತುಂಬಿದ ಮಾತ್ರಕ್ಕೆ ರಿಕ್ಷಾದವರು ಬಾಡಿಗೆ ಬಿಡುತ್ತಾರೆಯೇ? ಈ ನಿಯಮ ಎಲ್ಲರಿಗೂ ವಿಸ್ತರಿಸಬೇಕು ಎಂಬುದೇ ನನ್ನ ಬೇಡಿಕೆ.

ಇನ್ನೊಂದು ತೊಡಕು. ಅಮೆರಿಕದಲ್ಲಿ 2005ರ ತಿದ್ದುಪಡಿಯಿಂದ, ಪೊಲೀಸರಿಗೆ ದೂರು ಕೊಡದವಳಿಗೂ ಪರೀಕ್ಷೆ ಉಚಿತವಾಗಬೇಕೆಂದಾಯಿತು. ನಮ್ಮಲ್ಲಿ ಚಿಕಿತ್ಸೆಗೆ ದೂರು ಬೇಕಿಲ್ಲ, ಆದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಸುದ್ದಿ ಊರು ಸೇರೀತೆಂಬ ಅಂಜಿಕೆಯಿಂದ ಮನೆಯಲ್ಲೇ ಉಳಿಯುವವಳಿಗೆ ಉಚಿತ ಎಂಬ ಬೋರ್ಡು ಸಾಲುವುದಿಲ್ಲ. ದೂರು ಬೇಡ ಎಂದರೆ ಆ ನಿರಾಕರಣೆಯನ್ನೂ ಬರೆದಿಡಬೇಕೆಂದು 2014ರ ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆಯರಿಗೆ ಇದು ತಿಳಿದಿರಬೇಕು.

ನಾವು ಗಡಿಯವರು. ಪಾಣಾಜೆ, ಆರ್ಲಪದವು ದಾಟಿದರೆ ಕೇರಳ. ಘಟನೆ ಅತ್ತ ನಡೆದು ಹೆಣ್ಣು ಇತ್ತ ಬಂದರೂ ಸಂಪ್ಯದ ಠಾಣೆಯವರು ದೂರು ಬರೆದುಕೊಂಡು ಅಲ್ಲಿಗೆ ಕಳಿಸಬೇಕು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹಾಗೆನ್ನುತ್ತದೆ. ಯಾವ ರಾಜ್ಯದವಳು ಎಂದು ಕೇಳಿ ಚಿಕಿತ್ಸೆ ನಿಲ್ಲಿಸುವ ಅಧಿಕಾರ ಆಸ್ಪತ್ರೆಗಿಲ್ಲ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗೆ 1098. ಈ ಮೂರು ಸಂಖ್ಯೆಗಳನ್ನು ಪಂಚಾಯತಿನ ಗೋಡೆಗೆ ಬರೆಸಲು ಬಣ್ಣದ ಖರ್ಚು ಯಾರು ಕೊಡುತ್ತೀರಿ ಎಂಬುದನ್ನು ಚಹಾ ಕುಡಿಯುತ್ತಾ ತೀರ್ಮಾನಿಸೋಣ. ಪ್ರಶ್ನೆಗಳಿದ್ದರೆ ಈಗ ಕೇಳಿ.